ಕಡಲಾಚೆಯ ಮನೆಯಲ್ಲಿ ಊರಿನ ಟಿ.ವಿ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿರಿ. ಯಾರ ಯಾರ ಮನೆಯವರು ಅಥವಾ ನೆಂಟರು ವಿದೇಶದಲ್ಲಿದ್ದಾರೆ? ಕೈ ಎತ್ತಲು ಹೇಳಿರಿ. ನಮ್ಮ ಕಾಸರಗೋಡು ಜಿಲ್ಲೆಯ ಶಾಲೆಯಾದರೆ ಎಷ್ಟೋ ಕೈಗಳು ಮೇಲೇಳುತ್ತವೆ. ಒಬ್ಬರ ತಂದೆ ದುಬೈಯಲ್ಲಿದ್ದಾರೆ. ಇನ್ನೊಬ್ಬರ ಸೋದರಮಾವ ಅಬುಧಾಬಿಯಲ್ಲಿದ್ದಾರೆ. ಮತ್ತೊಬ್ಬರ ಅಕ್ಕ, ಭಾವ ಕುವೈತಿನಲ್ಲೋ ಮಸ್ಕತ್ತಿನಲ್ಲೋ ಇದ್ದಾರೆ. ಕೆಲವರ ನೆಂಟರು ಲಂಡನ್, ನ್ಯೂಯಾರ್ಕ್‌ಗಳಂಥ ಇನ್ನೂ ದೂರದ ನಗರಗಳಲ್ಲಿರಬಹುದು.

ಅವರೆಲ್ಲ ಅಲ್ಲಿ ದುಡಿಯುತ್ತಾರೆ, ಅಲ್ಲಿಯ ಅನ್ನ ಉಣ್ಣುತ್ತಾರೆ. ಆದರೆ ಸಂಜೆ ಕೆಲಸ ಮುಗಿಸಿ ಮನೆಗೆ ಬಂದಾಗ ಅವರ ಕಿವಿ ಊರಿನ ಮಾತಿಗಾಗಿ ಹಂಬಲಿಸುತ್ತದೆ. ಆಗ ಅವರು ಮೊಬೈಲನ್ನೋ ಟಿ.ವಿ.ಯನ್ನೋ ತೆರೆದು ಕನ್ನಡ ವಾರ್ತೆ ಕೇಳುತ್ತಾರೆ. ಧಾರಾವಾಹಿ ನೋಡುತ್ತಾರೆ. ಊರಿನಲ್ಲಿ ಆಗುತ್ತಿರುವ ಯಕ್ಷಗಾನವನ್ನು ಅದೇ ಹೊತ್ತಿಗೆ ನೋಡುತ್ತಾರೆ.

ಕಡಲಿನ ಈಚೆ ನಡೆಯುವ ಆಟ ಕಡಲಿನ ಆಚೆಗೆ ಕಾಣಿಸುವುದು ಹೇಗೆ? ಕೆಲವು ಕಾರ್ಯಕ್ರಮಗಳು ಅಲ್ಲಿ ಕಾಣಿಸದೇ ಇರುವುದು ಏಕೆ? ಟಿ.ವಿ. ನೋಡಿದರೆ ಸಾಕೇ, ಭಾಷೆ ಉಳಿಯುತ್ತದೆಯೇ? ಬನ್ನಿರಿ, ಈ ಪಾಠದಲ್ಲಿ ತಿಳಿಯೋಣ.

ಗಡಿ ದಾಟಿ ಬಂದ ದನಿ

ದೂರದ ಕನ್ನಡವನ್ನು ಕೇಳುವುದು ನಮಗೆ ಹೊಸತಲ್ಲ. 1956ರ ನವೆಂಬರ್ 1ರಂದು ಭಾಷೆಯ ಆಧಾರದಲ್ಲಿ ರಾಜ್ಯಗಳು ರೂಪುಗೊಂಡಾಗ ಕಾಸರಗೋಡು ಕೇರಳಕ್ಕೆ ಸೇರಿತು. ನಾವು ಕರ್ನಾಟಕದ ಗಡಿಯ ಈಚೆಗೆ ಉಳಿದೆವು. ಆದರೆ ರೇಡಿಯೋ ತರಂಗಗಳಿಗೆ ರಾಜ್ಯದ ಗಡಿ ತಿಳಿಯುವುದಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಕೇಂದ್ರ ಆರಂಭವಾದಾಗ ಅದರ ದನಿ ತಲಪಾಡಿಯಲ್ಲಿ ನಿಲ್ಲಲಿಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಮನೆಗಳಿಗೂ ಬಂತು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿರಿ. ಅಡಿಕೆ ಸುಲಿಯುತ್ತಾ ರೇಡಿಯೋದಲ್ಲಿ ವಾರ್ತೆ, ಹಾಡು, ಯಕ್ಷಗಾನ ತಾಳಮದ್ದಳೆ ಕೇಳಿದ ನೆನಪನ್ನು ಅವರು ಹೇಳಿಯಾರು.

ಟಿ.ವಿ. ಬಂದದ್ದು ನಿಧಾನವಾಗಿ. ಭಾರತದಲ್ಲಿ ದೂರದರ್ಶನದ ಪ್ರಸಾರ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಮೊದಲಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸುವ ದೊಡ್ಡ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಜನರು ಒಟ್ಟಿಗೆ ಕುಳಿತು ನೋಡಿದರು. ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿದ್ದವು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. 1994ರಲ್ಲಿ ಉದಯ ಟಿ.ವಿ. ಬಂತು. ಆಮೇಲೆ ಒಂದೊಂದಾಗಿ ಇನ್ನೂ ಹಲವು ಕನ್ನಡ ಚಾನೆಲ್‌ಗಳು ಹುಟ್ಟಿದವು.

ಕಾಗದ, ಕ್ಯಾಸೆಟ್, ಡಿಶ್

ಆ ಕಾಲದಲ್ಲಿ ಕೊಲ್ಲಿ ದೇಶಗಳಿಗೆ ಹೋದವರ ಪಾಡು ಏನಾಗಿತ್ತು? 1970ರ ದಶಕದಲ್ಲಿ ಅಲ್ಲಿ ತೈಲದ ಹಣದಿಂದ ರಸ್ತೆ, ಬಂದರು, ಕಟ್ಟಡಗಳ ಕೆಲಸ ಹೆಚ್ಚಿತು. ಕೇರಳದಿಂದಲೂ ಕರ್ನಾಟಕದ ಕರಾವಳಿಯಿಂದಲೂ ಸಾವಿರಾರು ಜನ ದುಡಿಯಲು ಹೋದರು. ಮನೆಯ ಸುದ್ದಿ ತಿಳಿಯಲು ಅವರಿಗೆ ಇದ್ದದ್ದು ಕಾಗದ. ಅದು ಕೈಸೇರಲು ವಾರಗಳೇ ಹಿಡಿಯುತ್ತಿದ್ದವು. ಕೆಲವರು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಮಾತನಾಡಿ ಆ ಕ್ಯಾಸೆಟ್ಟನ್ನೇ ಕಳುಹಿಸುತ್ತಿದ್ದರು. ಮನೆಯವರು ಸುತ್ತ ಕುಳಿತು ಆ ದನಿಯನ್ನು ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ ಇನ್ನೊಮ್ಮೆ ಹಾಕುತ್ತಿದ್ದರು. ಮುಂದೆ ವಿಡಿಯೋ ಕ್ಯಾಸೆಟ್ ಬಂತು. ತಂಗಿಯ ಮದುವೆಗೆ ರಜೆ ಸಿಗದ ಅಣ್ಣ, ಮದುವೆ ಕಳೆದು ಎಷ್ಟೋ ದಿನಗಳ ಬಳಿಕ ಕ್ಯಾಸೆಟ್ಟಿನಲ್ಲಿ ಧಾರೆಯನ್ನು ನೋಡಿ ಕಣ್ಣೊರೆಸಿಕೊಂಡದ್ದುಂಟು.

1990ರ ದಶಕದಲ್ಲಿ ಉಪಗ್ರಹದಿಂದ ಪ್ರಸಾರವಾಗುವ ಭಾರತದ ಕೆಲವು ಚಾನೆಲ್‌ಗಳು ಕೊಲ್ಲಿ ದೇಶಗಳಲ್ಲಿ ಡಿಶ್ ಇದ್ದವರಿಗೆ ಕಾಣಿಸತೊಡಗಿದವು. ಆದರೆ ಇದಕ್ಕೂ ಒಂದು ಮಿತಿ ಇತ್ತು. ಟಿ.ವಿ. ಉಪಗ್ರಹವು ಭೂಮಧ್ಯರೇಖೆಯ ಮೇಲೆ, ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುತ್ತದೆ. ಭೂಮಿ ತಿರುಗುವಷ್ಟೇ ವೇಗದಲ್ಲಿ ಅದೂ ಸುತ್ತುವುದರಿಂದ, ನಮಗೆ ಅದು ಆಕಾಶದ ಒಂದೇ ಕಡೆ ನಿಂತಂತೆ ತೋರುತ್ತದೆ. ಅದಕ್ಕೇ ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಗಿದರೆ ಸಾಕು. ಆದರೆ ಅಷ್ಟು ಎತ್ತರದಿಂದಲೂ ಉಪಗ್ರಹಕ್ಕೆ ಭೂಮಿಯ ಒಂದು ಬದಿ ಮಾತ್ರ ಕಾಣುತ್ತದೆ. ಭಾರತದ ಮೇಲಿರುವ ಉಪಗ್ರಹದ ಸಂಕೇತ ಭೂಮಿಯ ಮತ್ತೊಂದು ಬದಿಯಲ್ಲಿರುವ ನ್ಯೂಯಾರ್ಕಿಗೆ ನೇರವಾಗಿ ಬೀಳಲಾರದು.

ಈ ಮಿತಿಯನ್ನು ಮೀರಿಸಿದ್ದು ಅಂತರ್ಜಾಲ. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಿಂದ. ಆಗ ಅದರ ವೇಗ ಬಹಳ ಕಡಿಮೆ. ಒಂದು ಚಿತ್ರ ಪೂರ್ತಿ ಕಾಣಿಸಲು ಕಾದು ಕುಳಿತುಕೊಳ್ಳಬೇಕಿತ್ತು. ವೇಗ ಹೆಚ್ಚಿದಂತೆ ಚಲಿಸುವ ಚಿತ್ರವನ್ನೂ ಕಳುಹಿಸಲು ಸಾಧ್ಯವಾಯಿತು. 2005ರಲ್ಲಿ ಯೂಟ್ಯೂಬ್ ಆರಂಭವಾಯಿತು. ಈಗ ದೂರದರ್ಶನದ ಚಂದನ ವಾಹಿನಿಯ ಕಾರ್ಯಕ್ರಮಗಳನ್ನೂ ಅಂತರ್ಜಾಲದಲ್ಲಿ ನೋಡಬಹುದು. ಸರಿಯುತ್ತರ ಹೇಳಿದ ಸ್ಪರ್ಧಿಗಳಿಗೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ‘ಥಟ್ ಅಂತ ಹೇಳಿ’ ಎಂಬ ರಸಪ್ರಶ್ನೆ ನಿಮಗೆ ಗೊತ್ತಿರಬಹುದು. 2002ರಲ್ಲಿ ಚಂದನದಲ್ಲಿ ಆರಂಭವಾದ ಈ ಕಾರ್ಯಕ್ರಮದ ಕಂತುಗಳನ್ನು ಕಡಲಾಚೆಯ ಮಕ್ಕಳೂ ನೋಡಿ, ಸ್ಪರ್ಧಿಗಿಂತ ಮೊದಲೇ ಉತ್ತರ ಹೇಳಬಹುದು!

ತುಂಡು ತುಂಡಾಗಿ ಪಯಣ

ಈಗ ಒಂದು ಯಕ್ಷಗಾನ ಬಯಲಾಟ ಕುಂಬಳೆಯಿಂದ ದುಬೈಗೆ ಹೇಗೆ ಹೋಗುತ್ತದೆ ಎಂದು ನೋಡೋಣ.

ರಂಗಸ್ಥಳದ ಎದುರು ಕ್ಯಾಮರಾ ಇದೆ. ಅದು ಒಂದು ಸೆಕೆಂಡಿಗೆ 25 ಚಿತ್ರಗಳನ್ನು ತೆಗೆಯುತ್ತದೆ ಎಂದುಕೊಳ್ಳೋಣ. ಅವು ಒಂದರ ಹಿಂದೆ ಒಂದು ವೇಗವಾಗಿ ಬಂದಾಗ ನಮ್ಮ ಕಣ್ಣಿಗೆ ವೇಷ ಕುಣಿದಂತೆ ಕಾಣುತ್ತದೆ. ಹಾಗಾದರೆ ಒಂದು ಗಂಟೆಯ ಆಟಕ್ಕೆ ಎಷ್ಟು ಚಿತ್ರಗಳಾದವು? 25 × 60 × 60, ಅಂದರೆ 90,000 ಚಿತ್ರಗಳು! ಇಷ್ಟನ್ನೂ ಇದ್ದ ಹಾಗೆಯೇ ಕಳುಹಿಸಲು ಹೋದರೆ ದಾರಿ ಸಾಲದು. ಆದ್ದರಿಂದ ಗಣಕಯಂತ್ರ ಒಂದು ಜಾಣತನ ಮಾಡುತ್ತದೆ. ಹಿಂದಿನ ಪರದೆ, ಭಾಗವತರ ಆಸನ, ದೀಪ ಇವೆಲ್ಲ ಬಹಳ ಹೊತ್ತು ಹಾಗೆಯೇ ಇರುತ್ತವೆ. ಅವುಗಳನ್ನು ಪ್ರತಿ ಬಾರಿ ಕಳುಹಿಸುವ ಬದಲು, ಚಿತ್ರದಲ್ಲಿ ಬದಲಾದ ಭಾಗವನ್ನು ಮಾತ್ರ ಹೆಚ್ಚಾಗಿ ಕಳುಹಿಸುತ್ತದೆ. ವೇಷಧಾರಿಯ ಕೈ ಆಡಿತೇ? ಆ ಭಾಗ ಹೋಗುತ್ತದೆ. ಕಿರೀಟ ತಿರುಗಿತೇ? ಆ ಭಾಗ ಹೋಗುತ್ತದೆ. ಹೀಗೆ ಹೊರೆ ಬಹಳ ಕಡಿಮೆಯಾಗುತ್ತದೆ.

ಆಮೇಲೆ ಆಟವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಮಾಡಿ, ಕ್ರಮಸಂಖ್ಯೆ ಕೊಟ್ಟು ಕಳುಹಿಸಲಾಗುತ್ತದೆ. ಈ ತುಂಡುಗಳು ಬೆಳಕಿನ ಮಿಣುಕುಗಳಾಗಿ ಗಾಜಿನ ಎಳೆಗಳಲ್ಲಿ ಓಡುತ್ತವೆ. ಒಂದೊಂದು ಎಳೆಯೂ ನಮ್ಮ ತಲೆಗೂದಲಿನಷ್ಟು ತೆಳು. ಇಂಥ ಎಳೆಗಳನ್ನು ಜೋಡಿಸಿ, ಮೇಲೆ ಗಟ್ಟಿಯಾದ ಕವಚ ಹಾಕಿ ಮಾಡಿದ ಕೇಬಲ್‌ಗಳನ್ನು ಸಮುದ್ರದ ತಳದಲ್ಲಿ ಹಾಸಿದ್ದಾರೆ. ಮುಂಬಯಿ, ಚೆನ್ನೈ, ಕೊಚ್ಚಿಗಳಂಥ ಕಡಲ ತೀರದ ನಗರಗಳಲ್ಲಿ ಇವು ದಡ ಸೇರುತ್ತವೆ. ದೇಶ ದೇಶಗಳ ನಡುವಿನ ಅಂತರ್ಜಾಲದ ಬಹುಪಾಲು ಸಂಚಾರ ನಡೆಯುವುದು ಆಕಾಶದಲ್ಲಿ ಅಲ್ಲ, ಹೀಗೆ ಸಮುದ್ರದ ಅಡಿಯಲ್ಲಿ. ಗಾಜಿನ ಎಳೆಯಲ್ಲಿ ಬೆಳಕು ಒಂದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅದಕ್ಕೆ ದುಬೈ ದೂರವಲ್ಲ, ನ್ಯೂಯಾರ್ಕೂ ದೂರವಲ್ಲ.

ಈ ಕೇಬಲ್‌ಗಳಿಗೆ ಪೆಟ್ಟು ಬಿದ್ದರೆ ಏನಾಗುತ್ತದೆ? 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾದವು. ತುಂಡಾದದ್ದು ಈಜಿಪ್ಟಿನ ಹತ್ತಿರ, ಆದರೆ ಭಾರತದಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ಅಂತರ್ಜಾಲ ನಿಧಾನವಾಯಿತು. ಹಡಗುಗಳು ಹೋಗಿ, ತುಂಡಾದ ತುದಿಗಳನ್ನು ಮೇಲೆತ್ತಿ ಬೆಸೆಯಬೇಕಾಯಿತು.

ಇನ್ನೊಂದು ಉಪಾಯವೂ ಇದೆ. ನೀವು ಓದುತ್ತಿರುವ ಈ ಪಾಠಪುಸ್ತಕ ಒಂದು ಕಡೆ ಅಚ್ಚಾಗುತ್ತದೆ. ಆದರೆ ಪುಸ್ತಕ ಬೇಕೆಂದು ಪ್ರತಿಯೊಂದು ಮಗುವೂ ಅಚ್ಚುಕೂಟಕ್ಕೆ ಹೋಗುವುದಿಲ್ಲ. ಪುಸ್ತಕಗಳೇ ಕಟ್ಟು ಕಟ್ಟಾಗಿ ಶಾಲೆಗೆ ಬರುತ್ತವೆ, ನಿಮಗೆ ಅಲ್ಲಿಯೇ ಸಿಗುತ್ತವೆ. ಹಾಗೆಯೇ, ತುಂಬ ಜನ ನೋಡುವ ಕಾರ್ಯಕ್ರಮಗಳ ಪ್ರತಿಗಳನ್ನು ಬೇರೆ ಬೇರೆ ದೇಶಗಳ ಸರ್ವರ್‌ಗಳಲ್ಲಿ ಇಟ್ಟಿರುತ್ತಾರೆ. ಸರ್ವರ್ ಎಂದರೆ ಮಾಹಿತಿಯನ್ನು ಇಟ್ಟುಕೊಂಡು, ಕೇಳಿದವರಿಗೆ ಕೊಡುವ ದೊಡ್ಡ ಗಣಕಯಂತ್ರ. ದುಬೈಯಲ್ಲಿರುವ ನಿಮ್ಮ ಮಾವ ಒಂದು ಧಾರಾವಾಹಿಯನ್ನು ತೆರೆದಾಗ ಅದು ಹತ್ತಿರದ ಸರ್ವರಿನಿಂದಲೇ ಬರಬಹುದು.

ತುಂಡುಗಳು ಮನೆಗೆ ಬಂದು ಸೇರಿದಂತೆ ಮೊಬೈಲ್ ಅವನ್ನು ಕ್ರಮವಾಗಿ ಜೋಡಿಸುತ್ತದೆ. ಮುಂದಿನ ಕೆಲವು ತುಂಡುಗಳನ್ನು ಮೊದಲೇ ತರಿಸಿ ಇಟ್ಟುಕೊಳ್ಳುತ್ತದೆ. ಬಾವಿಯ ನೀರು ಸೇದಿ ಹಂಡೆಯಲ್ಲಿ ತುಂಬಿಸಿ ಇಟ್ಟ ಹಾಗೆ! ಹಂಡೆ ಬರಿದಾದರೆ, ಅಂದರೆ ಮುಂದಿನ ತುಂಡು ಬರಲು ತಡವಾದರೆ, ಚಿತ್ರ ನಿಂತುಬಿಡುತ್ತದೆ. ಪರದೆಯ ನಡುವೆ ಚಕ್ರವೊಂದು ತಿರುಗುವುದನ್ನು ನೀವು ನೋಡಿಲ್ಲವೇ? ಅದನ್ನೇ ಬಫರಿಂಗ್ ಎನ್ನುತ್ತಾರೆ.

ಇನ್ನೊಂದು ಮಾತು ಗಮನಿಸಿರಿ. ಕ್ರಿಕೆಟ್ ಪಂದ್ಯ ನಡೆಯುವಾಗ ಡಿಶ್ ಇರುವ ಮನೆಯಿಂದ “ಸಿಕ್ಸರ್!” ಎಂಬ ಕೂಗು ಮೊದಲು ಕೇಳಿಸುತ್ತದೆ. ಮೊಬೈಲಿನಲ್ಲಿ ನೋಡುವವರಿಗೆ ಆಗ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ತುಂಡು ಮಾಡುವುದು, ಇಟ್ಟುಕೊಳ್ಳುವುದು, ಜೋಡಿಸುವುದು ಇವಕ್ಕೆಲ್ಲ ಸ್ವಲ್ಪ ಸಮಯ ಬೇಕಲ್ಲವೇ? ಅದೇ ಇದರ ಗುಟ್ಟು.

ಅಲ್ಲಿ ಗಂಟೆ ಎಷ್ಟು?

ಚಿತ್ರ ಕ್ಷಣದಲ್ಲಿ ತಲುಪಿದರೂ ಎರಡೂ ಕಡೆಯ ಗಡಿಯಾರ ಒಂದೇ ಹೊತ್ತನ್ನು ತೋರಿಸುವುದಿಲ್ಲ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಅದಕ್ಕೇ ನಮ್ಮಲ್ಲಿ ಮೊದಲು ಬೆಳಗಾಗುತ್ತದೆ, ನಮ್ಮ ಪಶ್ಚಿಮದ ದೇಶಗಳಲ್ಲಿ ಆಮೇಲೆ. ದುಬೈ, ಅಬುಧಾಬಿ ಮತ್ತು ಮಸ್ಕತ್‌ಗಳ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಕತಾರ್, ಬಹರೈನ್, ಸೌದಿ ಅರೇಬಿಯಾಗಳದ್ದು ಎರಡೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ, ನ್ಯೂಯಾರ್ಕ್ ಹತ್ತೂವರೆ ಗಂಟೆ ಹಿಂದೆ ಇರುತ್ತವೆ. ಬೇಸಿಗೆಯಲ್ಲಿ ಈ ಎರಡು ನಗರಗಳ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ.

ಜನವರಿ ತಿಂಗಳಿನ ಒಂದು ರಾತ್ರಿ ಒಂಬತ್ತೂವರೆಗೆ ಊರಿನಲ್ಲಿ ಚೆಂಡೆಯ ಪೆಟ್ಟು ಬಿತ್ತು ಎಂದುಕೊಳ್ಳಿರಿ. ಆಗ ದುಬೈಯಲ್ಲಿ ರಾತ್ರಿ ಎಂಟು ಗಂಟೆ. ಊಟ ಮಾಡುತ್ತಾ ನೋಡಬಹುದು. ಕುವೈತಿನಲ್ಲಿ ಸಂಜೆ ಏಳು. ಲಂಡನ್ನಿನಲ್ಲಿ ಸಂಜೆ ನಾಲ್ಕು. ಶಾಲೆ ಬಿಟ್ಟು ಬಂದ ಮಗು ತಿಂಡಿ ತಿನ್ನುತ್ತಾ ನೋಡಬಹುದು. ನ್ಯೂಯಾರ್ಕಿನಲ್ಲಿ ಬೆಳಗ್ಗಿನ ಹನ್ನೊಂದು! ನಾವು ನಿದ್ದೆಗಣ್ಣಿನಲ್ಲಿ ನೋಡುವ ಬೆಳಗಿನ ಜಾವದ ದೇವಿಯ ವೇಷವನ್ನು ಅಲ್ಲಿಯವರು ಮುಸ್ಸಂಜೆಯಲ್ಲಿ ಕಣ್ಣರಳಿಸಿ ನೋಡುತ್ತಾರೆ.

“ನಿಮ್ಮ ದೇಶದಲ್ಲಿ ಇದು ಲಭ್ಯವಿಲ್ಲ”

ಒಮ್ಮೊಮ್ಮೆ ವಿದೇಶದಲ್ಲಿರುವವರು ಊರಿನ ಕಾರ್ಯಕ್ರಮವನ್ನು ತೆರೆದರೆ ಚಿತ್ರ ಬರುವುದಿಲ್ಲ. “ನಿಮ್ಮ ದೇಶದಲ್ಲಿ ಇದು ಲಭ್ಯವಿಲ್ಲ” ಎಂಬ ಮಾತು ಬರುತ್ತದೆ. ಕೇಬಲ್ ತುಂಡಾಗಿಲ್ಲ, ಅಂತರ್ಜಾಲವೂ ಸರಿಯಾಗಿದೆ. ಹಾಗಾದರೆ ತಡೆದವರು ಯಾರು?

ಇದನ್ನು ಒಂದು ಮಾವಿನ ತೋಪಿನ ಉದಾಹರಣೆಯಿಂದ ತಿಳಿಯೋಣ. ತೋಪಿನ ಒಡೆಯರು ಮೇಲಿನ ತೋಪಿನ ಫಸಲನ್ನು ಒಬ್ಬರಿಗೆ, ಕೆಳಗಿನ ತೋಪಿನ ಫಸಲನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟಿದ್ದಾರೆ. ಮೇಲಿನ ತೋಪಿಗೆ ಹಣ ಕೊಟ್ಟವರು ಕೆಳಗಿನ ತೋಪಿಗೆ ಬಂದು ಕಾಯಿ ಕೊಯ್ಯಬಹುದೇ? ಕೊಯ್ಯುವಂತಿಲ್ಲ. ಟಿ.ವಿ. ಕಾರ್ಯಕ್ರಮ, ಸಿನಿಮಾ, ಕ್ರಿಕೆಟ್ ಪಂದ್ಯಗಳನ್ನು ತೋರಿಸುವ ಹಕ್ಕೂ ಹಾಗೆಯೇ. ಅದನ್ನು ಸಾಮಾನ್ಯವಾಗಿ ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ. ಒಂದು ಪಂದ್ಯವನ್ನು ಭಾರತದಲ್ಲಿ ತೋರಿಸುವ ಹಕ್ಕನ್ನು ಮಾತ್ರ ಪಡೆದ ಸಂಸ್ಥೆ ಅದನ್ನು ದುಬೈಯಲ್ಲಿ ತೋರಿಸುವಂತಿಲ್ಲ. ಅಲ್ಲಿ ಹಕ್ಕು ಪಡೆದವರು ಬೇರೆಯವರಿರುತ್ತಾರೆ.

ನೋಡುವವರು ಯಾವ ದೇಶದಲ್ಲಿದ್ದಾರೆ ಎಂದು ಸಂಸ್ಥೆಗೆ ತಿಳಿಯುವುದು ಹೇಗೆ? ನಮ್ಮ ಮನೆಗೆ ಪಿನ್‌ಕೋಡ್ ಇರುವಂತೆ ಅಂತರ್ಜಾಲದ ಪ್ರತಿಯೊಂದು ಸಂಪರ್ಕಕ್ಕೂ ಅಂಕಿಗಳ ಒಂದು ವಿಳಾಸ ಇರುತ್ತದೆ. ಅದಕ್ಕೆ ಐ.ಪಿ. ವಿಳಾಸ ಎಂದು ಹೆಸರು. ಅದನ್ನು ನೋಡಿದರೆ ದೇಶ ಯಾವುದೆಂದು ಸಾಧಾರಣವಾಗಿ ತಿಳಿಯುತ್ತದೆ.

ನೋಡಿದಿರಾ, ಇದು ಎಂಥ ವಿಚಿತ್ರ! ರೇಡಿಯೋ ತರಂಗ ತಲಪಾಡಿಯ ಗಡಿಯನ್ನು ಯಾರನ್ನೂ ಕೇಳದೆ ದಾಟಿ ಬಂತು. ಇಡೀ ಭೂಮಿಯನ್ನು ಸುತ್ತಬಲ್ಲ ಅಂತರ್ಜಾಲವಾದರೋ ಕೆಲವೊಮ್ಮೆ ಗಡಿಯಲ್ಲಿ ನಿಂತು ಚೀಟಿ ತೋರಿಸಬೇಕಾಗುತ್ತದೆ.

ಇಂಥ ತಡೆ ಎಲ್ಲ ಕಾರ್ಯಕ್ರಮಗಳಿಗೂ ಇಲ್ಲ. ಎಲ್ಲರಿಗಾಗಿ ಉಚಿತವಾಗಿ ತೆರೆದಿಟ್ಟ ಒಳ್ಳೆಯ ಕಾರ್ಯಕ್ರಮಗಳು ಎಷ್ಟೋ ಇವೆ. ನಮ್ಮ ಕೇರಳದ ಉದಾಹರಣೆಯನ್ನೇ ನೋಡಿರಿ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಿಂದ ಕೈಟ್ ವಿಕ್ಟರ್ಸ್ ಚಾನೆಲಿನ ಮೂಲಕ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡದಲ್ಲಿಯೂ ತರಗತಿಗಳು ನಡೆದವು. ಅವುಗಳನ್ನು ಯೂಟ್ಯೂಬಿನಲ್ಲಿಯೂ ಇಟ್ಟದ್ದರಿಂದ, ವಿಮಾನ ಸಂಚಾರ ನಿಂತು ಹೊರದೇಶದಲ್ಲಿ ಉಳಿದ ಮಕ್ಕಳಿಗೂ ಅವು ಎಟುಕುವಂತಿದ್ದವು. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯು ‘ವೇವ್ಸ್’ ಎಂಬ ಆ್ಯಪ್ ಅನ್ನು ಆರಂಭಿಸಿತು.

ಹಕ್ಕು ಪಡೆಯದೆ ಕಾರ್ಯಕ್ರಮಗಳನ್ನು ಕದ್ದು ತೋರಿಸುವವರೂ ಇದ್ದಾರೆ. ‘ಎಲ್ಲ ಚಾನೆಲ್ ಪುಕ್ಕಟೆ’ ಎಂದು ಅವರು ಹೇಳುತ್ತಾರೆ. ಆದರೆ ಅಲ್ಲಿ ನೋಡಿದರೆ ಹಾಡಿದವರಿಗೆ, ನಟಿಸಿದವರಿಗೆ, ಬರೆದವರಿಗೆ, ದೀಪ ಹಿಡಿದವರಿಗೆ ಸಲ್ಲಬೇಕಾದ ಪ್ರತಿಫಲ ಸಲ್ಲುವುದಿಲ್ಲ. ಜೊತೆಗೆ ಅಂಥ ಕಡೆಗಳಲ್ಲಿ ಮೊಬೈಲಿನ ಗುಟ್ಟಿನ ಮಾಹಿತಿಯನ್ನು ಕದಿಯುವವರೂ ಹೊಂಚು ಹಾಕಿರಬಹುದು. ಗೊತ್ತಿಲ್ಲದ ಕೊಂಡಿಯನ್ನು ದೊಡ್ಡವರನ್ನು ಕೇಳದೆ ಒತ್ತಬಾರದು.

ಟಿ.ವಿ. ಮಾತನಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ

ಈಗ ಒಂದು ಮುಖ್ಯ ವಿಚಾರಕ್ಕೆ ಬರೋಣ. ಕಡಲಾಚೆಯಲ್ಲಿ ಹುಟ್ಟಿ ಬೆಳೆಯುವ ಮಗುವೊಂದು ದಿನವೂ ಕನ್ನಡ ಟಿ.ವಿ. ನೋಡುತ್ತದೆ. ಅದಕ್ಕೆ ಕನ್ನಡ ಅರ್ಥವಾಗುತ್ತದೆ. ಧಾರಾವಾಹಿಯ ಕತೆಯನ್ನೂ ಅದು ತಿಳಿದುಕೊಳ್ಳುತ್ತದೆ. ಆದರೆ ಶಾಲೆಯಲ್ಲಿ ಇಂಗ್ಲಿಷ್. ಆಟದ ಬಯಲಿನಲ್ಲಿ ಇಂಗ್ಲಿಷ್ ಅಥವಾ ಹಿಂದಿ. ಊರಿನಿಂದ ಅಜ್ಜಿ ಫೋನಿನಲ್ಲಿ ಮಾತನಾಡಿದರೆ ಏನಾಗುತ್ತದೆ?

ಅಜ್ಜಿ : ಊಟ ಆಯ್ತಾ ಮಗಾ? ಇವತ್ತು ಎಂತ ಪದಾರ್ಥ?

ಮಗು : ಪದಾರ್ಥ ಅಂದ್ರೆ ಏನಜ್ಜಿ?

ನಮ್ಮ ಊರಿನಲ್ಲಿ ಅನ್ನದ ಜೊತೆಗೆ ಉಣ್ಣುವ ಸಾಂಬಾರು, ಪಲ್ಯಗಳಿಗೆ ‘ಪದಾರ್ಥ’ ಎನ್ನುತ್ತೇವೆ. ಟಿ.ವಿ. ಧಾರಾವಾಹಿಯಲ್ಲಿ ಈ ಮಾತು ಬರುವುದು ಅಪರೂಪ. ಅಲ್ಲಿ ‘ಎಂತ’ ಇಲ್ಲ, ‘ಉಂಟು’ ಇಲ್ಲ. ‘ಹಾಳೆ’ ಎಂದರೆ ಆ ಮಗುವಿಗೆ ಬರೆಯುವ ಕಾಗದ ಮಾತ್ರ ಗೊತ್ತು. ಅಡಿಕೆಯ ಮರದಿಂದ ಬಿದ್ದ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳದ ತುಂಬ ಎಳೆದ ಆಟ ನಿಮಗೆ ಗೊತ್ತು. ‘ಸುರಂಗ’ ಎಂದರೆ ಅದಕ್ಕೆ ರೈಲು ಹೋಗುವ ದಾರಿ. ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ನಮ್ಮ ಸುರಂಗ ನಿಮಗೆ ಗೊತ್ತು. ಟಿ.ವಿ. ಕನ್ನಡವನ್ನು ಕೊಡುತ್ತದೆ, ಆದರೆ ಊರಿನ ಮಾತನ್ನು ಪೂರ್ತಿಯಾಗಿ ಕೊಡಲಾರದು. ಅದನ್ನು ಕೊಡಬಲ್ಲವರು ಅಜ್ಜಿ, ಅಜ್ಜ ಮತ್ತು ನೀವು.

ಇನ್ನೊಂದು ಮಾತು. ಟಿ.ವಿ. ನಮ್ಮೊಡನೆ ಮಾತನಾಡುತ್ತದೆ, ಆದರೆ ನಮ್ಮ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಈಜುವುದನ್ನು ನೋಡಿದ ಮಾತ್ರಕ್ಕೆ ಯಾರಿಗೂ ಈಜು ಬರುವುದಿಲ್ಲ, ನೀರಿಗೆ ಇಳಿಯಬೇಕು. ಭಾಷೆಯೂ ಹಾಗೆಯೇ. ಆಡುತ್ತಾ ಆಡುತ್ತಾ ಅದು ಬರುತ್ತದೆ, ಆಡದಿದ್ದರೆ ಮರೆಯುತ್ತದೆ. ವಿದೇಶದಲ್ಲಿರುವ ಹಲವು ಹೆತ್ತವರು ಇದನ್ನು ಅರಿತಿದ್ದಾರೆ. ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ. ರಜೆಯ ದಿನ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುತ್ತಾರೆ. ದುಬೈಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳೂ ಇದ್ದಾರೆ. ಪರದೆಯ ಮೇಲೆ ನೋಡಿದ್ದನ್ನು ಅವರು ತಾವೇ ಕುಣಿದು, ಮಾತನಾಡಿ ತಮ್ಮದಾಗಿಸಿಕೊಳ್ಳುತ್ತಾರೆ.

ನೀವು ಏನು ಮಾಡಬಹುದು? ಮುಂದಿನ ಬಾರಿ ಮಾವನ ಮಗಳೋ ಚಿಕ್ಕಪ್ಪನ ಮಗನೋ ಫೋನಿನಲ್ಲಿ ಸಿಕ್ಕಿದಾಗ “ಹೇಗಿದ್ದೀಯಾ?” ಎಂದು ಕೇಳಿ ದೊಡ್ಡವರ ಕೈಗೆ ಕೊಟ್ಟುಬಿಡಬೇಡಿರಿ. ಒಂದು ಒಗಟು ಕೇಳಿರಿ. ಇಬ್ಬರೂ ನೋಡಿದ ಒಂದು ಕಾರ್ಯಕ್ರಮದ ಬಗ್ಗೆ ಮಾತನಾಡಿರಿ. “ಮುಂದೆ ಏನಾಯಿತು? ನೀನೇ ಹೇಳು” ಎನ್ನಿರಿ. ಅವರು ತಪ್ಪಾಗಿ ಹೇಳಿದರೆ ನಗಬೇಡಿರಿ. ನಕ್ಕರೆ ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. ಸರಿಯಾದ ಮಾತನ್ನು ನಿಮ್ಮ ಉತ್ತರದಲ್ಲಿ ಸೇರಿಸಿ ಹೇಳಿರಿ, ಅವರೇ ತಿಳಿದುಕೊಳ್ಳುತ್ತಾರೆ. ಅವರ ಊರಿನ ವಿಷಯವನ್ನೂ ಕೇಳಿರಿ. ಮರಳುಗಾಡಿನ ಬಿಸಿಲು, ಹಿಮ ಬೀಳುವ ಬೆಳಗು, ಅಲ್ಲಿಯ ಶಾಲೆ ಇವನ್ನೆಲ್ಲ ಅವರು ಕನ್ನಡದಲ್ಲಿ ವಿವರಿಸಲಿ. ಆಗ ಕನ್ನಡಕ್ಕೂ ಒಂದು ಹೊಸ ಊರು ಸಿಕ್ಕಿದಂತಾಗುತ್ತದೆ.

ಸಮುದ್ರದ ಅಡಿಯ ಗಾಜಿನ ಎಳೆಯಲ್ಲಿ ಚಿತ್ರ ಮಾತ್ರವಲ್ಲ, ನಿಮ್ಮ ಮಾತೂ ಓಡುತ್ತದೆ. ದಾರಿ ಸಿದ್ಧವಿದೆ. ಮಾತನಾಡುವವರು ಬೇಕು.

ಪದಗಳ ಅರ್ಥ

ಹಂಬಲಿಸು – ಬಹಳವಾಗಿ ಬಯಸು
ಉಪಗ್ರಹ – ಇಲ್ಲಿ, ಭೂಮಿಯನ್ನು ಸುತ್ತುವಂತೆ ಮನುಷ್ಯರು ಹಾರಿಸಿದ ಸಾಧನ
ಧಾರೆ – ಮದುವೆಯ ಮುಖ್ಯ ವಿಧಿ
ಗಣಕಯಂತ್ರ – ಕಂಪ್ಯೂಟರ್
ಹಂಡೆ – ನೀರು ತುಂಬಿಸುವ ದೊಡ್ಡ ಪಾತ್ರೆ
ಗುತ್ತಿಗೆ – ಇಷ್ಟು ಕಾಲಕ್ಕೆ ಇಷ್ಟು ಹಣ ಎಂದು ಮಾಡಿಕೊಂಡ ಒಪ್ಪಂದ
ಪ್ರತಿಫಲ – ಮಾಡಿದ ಕೆಲಸಕ್ಕೆ ಸಿಗುವ ಹಣ
ಕೊಂಡಿ – ಇಲ್ಲಿ, ಒತ್ತಿದರೆ ಇನ್ನೊಂದು ಪುಟಕ್ಕೆ ಒಯ್ಯುವ ಲಿಂಕ್

ಓದಿ ಉತ್ತರಿಸೋಣ

1. ಟೇಪ್ ರೆಕಾರ್ಡರಿನ ಕಾಲದಲ್ಲಿ ವಿದೇಶದಲ್ಲಿದ್ದವರು ಮನೆಯವರ ದನಿಯನ್ನು ಹೇಗೆ ಕೇಳುತ್ತಿದ್ದರು?
2. ಭಾರತದ ಮೇಲಿರುವ ಉಪಗ್ರಹದ ಸಂಕೇತ ನ್ಯೂಯಾರ್ಕಿಗೆ ನೇರವಾಗಿ ಸಿಗುವುದಿಲ್ಲ. ಏಕೆ?
3. ಗಣಕಯಂತ್ರ ಚಿತ್ರಗಳ ಹೊರೆಯನ್ನು ಹೇಗೆ ಕಡಿಮೆ ಮಾಡುತ್ತದೆ?
4. ‘ನಿಮ್ಮ ದೇಶದಲ್ಲಿ ಇದು ಲಭ್ಯವಿಲ್ಲ’ ಎಂಬ ಸೂಚನೆ ಬರಲು ಕಾರಣವೇನು? ಮಾವಿನ ತೋಪಿನ ಉದಾಹರಣೆಯೊಂದಿಗೆ ವಿವರಿಸಿರಿ.
5. ‘ಟಿ.ವಿ. ಮಾತನಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ.’ ಈ ಮಾತಿನ ಅರ್ಥವೇನು?

ಲೆಕ್ಕ ಹಾಕೋಣ

1. ಒಂದು ಸೆಕೆಂಡಿಗೆ 25 ಚಿತ್ರಗಳಾದರೆ 10 ನಿಮಿಷಗಳ ಕಾರ್ಯಕ್ರಮಕ್ಕೆ ಎಷ್ಟು ಚಿತ್ರಗಳು ಬೇಕು?
2. ಊರಿನಲ್ಲಿ ಸಂಜೆ 7.00 ಗಂಟೆಗೆ ವಾರ್ತೆ ಆರಂಭವಾಗುತ್ತದೆ. ಆಗ ಮಸ್ಕತ್ತಿನಲ್ಲಿ ಗಂಟೆ ಎಷ್ಟು? ಕತಾರಿನಲ್ಲಿ ಎಷ್ಟು?
3. ದುಬೈಯಲ್ಲಿರುವ ಚಿಕ್ಕಮ್ಮ ಅಲ್ಲಿಯ ರಾತ್ರಿ 9.00 ಗಂಟೆಗೆ ಫೋನ್ ಮಾಡುತ್ತಾರೆ. ನಮ್ಮ ಗಡಿಯಾರದಲ್ಲಿ ಆಗ ಗಂಟೆ ಎಷ್ಟು? ಅಜ್ಜಿ ಎಚ್ಚರವಿರುವ ಹೊತ್ತಿಗೆ ಮಾತನಾಡಬೇಕಾದರೆ ಅವರು ಯಾವಾಗ ಫೋನ್ ಮಾಡಿದರೆ ಒಳ್ಳೆಯದು?

ಮಾದರಿಯಂತೆ ಬಿಡಿಸಿ ಬರೆಯಿರಿ

ಮಾದರಿ : ಕಡಲಾಚೆ = ಕಡಲು + ಆಚೆ
ಮುಂದಿಡು, ಅಲ್ಲಿಂದೀಚೆ, ಊರೂರು, ಇನ್ನೊಬ್ಬರು

ಊರಿನ ಮಾತು

‘ಪದಾರ್ಥ’, ‘ಹಾಳೆ’, ‘ಸುರಂಗ’ ಈ ಪದಗಳಿಗೆ ನಮ್ಮ ಊರಿನಲ್ಲಿ ಇರುವ ಅರ್ಥವನ್ನೂ ಬೇರೆ ಕಡೆಗಳಲ್ಲಿರುವ ಅರ್ಥವನ್ನೂ ಬರೆಯಿರಿ. ಇಂಥ ಇನ್ನೂ ಐದು ಪದಗಳನ್ನು ಮನೆಯ ಹಿರಿಯರಿಂದ ಕೇಳಿ ಪಟ್ಟಿ ಮಾಡಿರಿ.

ಚರ್ಚಿಸೋಣ

‘ಪುಕ್ಕಟೆಯಾಗಿ ಸಿಗುವುದಾದರೆ ಕದ್ದು ತೋರಿಸಿದ್ದನ್ನು ನೋಡಿದರೇನು ತಪ್ಪು?’ ಎಂದು ಗೆಳೆಯನೊಬ್ಬ ಕೇಳುತ್ತಾನೆ. ನೀವು ಏನು ಹೇಳುವಿರಿ? ಗುಂಪುಗಳಲ್ಲಿ ಚರ್ಚಿಸಿ ತರಗತಿಯಲ್ಲಿ ಮಂಡಿಸಿರಿ.

ಪತ್ರ ಬರೆಯೋಣ

ವಿದೇಶದಲ್ಲಿ ಬೆಳೆಯುತ್ತಿರುವ ನಿಮ್ಮ ನೆಂಟರ ಮಗುವಿಗೆ ಒಂದು ಪತ್ರ ಬರೆಯಿರಿ. ನಿಮ್ಮ ಊರಿನ ಒಂದು ಆಟ, ಒಂದು ತಿಂಡಿ, ಒಂದು ಹಬ್ಬದ ವಿವರ ಅದರಲ್ಲಿರಲಿ. ಆ ಮಗುವಿಗೆ ತಿಳಿಯದಿರಬಹುದಾದ ಪದಗಳ ಅರ್ಥವನ್ನು ಕೊನೆಯಲ್ಲಿ ಬರೆಯಿರಿ. ಅಂಥ ನೆಂಟರಿಲ್ಲದವರು ಗೆಳೆಯರ ನೆಂಟರಿಗೆ ಬರೆಯಬಹುದು.

ಯೋಜನೆ

ರೇಡಿಯೋ, ಕ್ಯಾಸೆಟ್, ಡಿಶ್, ಮೊಬೈಲ್ ಇವು ನಿಮ್ಮ ಮನೆಗೆ ಮೊದಲು ಬಂದದ್ದು ಯಾವಾಗ? ಹಿರಿಯರನ್ನು ಕೇಳಿ ತಿಳಿಯಿರಿ. ಕೇಳಿದ್ದನ್ನು ವರ್ಷದ ಕ್ರಮದಲ್ಲಿ ಬರೆದು, ಎಲ್ಲರ ಬರಹಗಳನ್ನು ಸೇರಿಸಿ ‘ನಮ್ಮ ಮನೆಗೆ ಬಂದ ದನಿ’ ಎಂಬ ಕೈಬರಹದ ಪುಸ್ತಕ ತಯಾರಿಸಿರಿ.